ನಿಂತುಹೋದ ಚುಕ್ಕಿ

ಹದ್ದಿನ ಬೆನ್ನಿಗೆ ಜಿಪಿಎಸ್ ಟ್ಯಾಗ್ ಕಟ್ಟುವಾಗ ಆದಷ್ಟು ಬೇಗ ಕೈ ಓಡಬೇಕು. ಹಿಡಿದ ಕೂಡಲೇ ತಲೆಗೆ ಚರ್ಮದ ಟೋಪಿ ಹಾಕುತ್ತೇವೆ. ಕಣ್ಣಿಗೆ ಕತ್ತಲಾದರೆ ಸಾಕು, ಅಲ್ಲಿಯವರೆಗೆ ಕೊಸರಾಡುತ್ತಿದ್ದ ಹಕ್ಕಿ ತಣ್ಣಗಾಗುತ್ತದೆ. ಒಬ್ಬರು ಕಾಲು ಬಿಗಿಯಾಗಿ ಹಿಡಿದಿರಬೇಕು. ಹೆದರಬೇಕಾದದ್ದು ಕೊಕ್ಕಿಗಲ್ಲ, ಉಗುರಿಗೆ. ನನ್ನ ಎಡಗೈ ಮೇಲೆ ಅದರ ಗುರುತು ಇನ್ನೂ ಇದೆ.

ಮೊದಲು ತೂಕ. ಟ್ಯಾಗು, ಪಟ್ಟಿ ಎಲ್ಲ ಸೇರಿ ಹಕ್ಕಿಯ ತೂಕದ ಶೇ. 3 ದಾಟಬಾರದು ಎಂಬುದು ನಾವು ಹಿಡಿಯುವ ಲೆಕ್ಕ. ನಮ್ಮ ಮೊದಲ ಹೆಣ್ಣು ಹದ್ದು 2 ಕಿಲೋ ಇತ್ತು, ಅಂದರೆ 60 ಗ್ರಾಂ ಮಿತಿ. ಟೆಫ್ಲಾನ್ ಪಟ್ಟಿಯನ್ನು ಸ್ಕೂಲ್ ಬ್ಯಾಗಿನ ಹಾಗೆ ಹೆಗಲ ಮೇಲಿಂದ ತಂದು ಎದೆಯ ಮೇಲೆ ಸೇರಿಸಿ ಹೊಲಿದೆವು. ಹೊಲಿಗೆಗೆ ಬೇಕಂತಲೇ ಹತ್ತಿ ದಾರ. ಕೆಲವು ವರ್ಷಗಳಲ್ಲಿ ದಾರ ಸವೆದು ಹರಿದು ಟ್ಯಾಗ್ ತಾನಾಗಿ ಕಳಚಿ ಬೀಳಲಿ ಅಂತ. ಪಟ್ಟಿ ಸಡಿಲವಾದರೆ ಕೊಕ್ಕು ಸಿಕ್ಕಿಕೊಳ್ಳುತ್ತದೆ, ಬಿಗಿಯಾದರೆ ಹುಣ್ಣಾಗುತ್ತದೆ. ಹೊಟ್ಟೆ ತುಂಬ ತಿಂದಾಗ ಹದ್ದಿನ ಕುತ್ತಿಗೆ ಬುಡದ ಚೀಲ ಉಬ್ಬುತ್ತದಲ್ವಾ, ಅದಕ್ಕೂ ಜಾಗ ಬಿಡಬೇಕು. ಕೊನೆಗೆ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿಯೇ ತೃಪ್ತಿ.

ಆಮೇಲೆ ಕಾಯುವುದು. ಹಕ್ಕಿ ಎಲ್ಲೆಲ್ಲಿದೆ ಅಂತ ಟ್ಯಾಗ್ ಮೊಬೈಲ್ ನೆಟ್‌ವರ್ಕ್ ಮೂಲಕ ಸುದ್ದಿ ಕಳಿಸುತ್ತಿರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಹೋದರೆ ಟ್ಯಾಗ್ ಎಲ್ಲವನ್ನೂ ಕೂಡಿಟ್ಟು ಆಮೇಲೆ ಒಟ್ಟಿಗೆ ಕಳಿಸುತ್ತದೆ. ರಷ್ಯಾದವರು ಟ್ಯಾಗ್ ಹಾಕಿದ್ದ ಮಿನ್ ಎಂಬ ಹದ್ದು 2019ರಲ್ಲಿ ಕಜಾಕಿಸ್ತಾನದಲ್ಲಿ ಬೇಸಿಗೆ ಕಳೆದು ನೇರ ಇರಾನ್‌ಗೆ ಹೋಯಿತು. ಬಾಕಿ ಎಸ್ಸೆಮ್ಮೆಸ್ಸೆಲ್ಲ ಅಲ್ಲಿಂದ ರೋಮಿಂಗ್ ದರದಲ್ಲಿ ಬಂದು ಅವರ ದುಡ್ಡೇ ಖಾಲಿ. ಜನ ಚಂದಾ ಎತ್ತಿ ಬಿಲ್ಲು ಕಟ್ಟಿದರು!

ನನ್ನ ಪೇಚು ಬೇರೆ ಥರದ್ದು. ನಮ್ಮ ಹೆಣ್ಣು ಹದ್ದಿನ ಚುಕ್ಕಿ ನಕ್ಷೆಯಲ್ಲಿ ಎರಡು ದಿನ ಒಂದೇ ಕಡೆ ನಿಂತಿತು. ಸತ್ತೇಹೋಯಿತು ಅಂದುಕೊಂಡು ಗುಡ್ಡ ಹತ್ತಿ ಓಡಿದೆ. ಅದು ಮೊಟ್ಟೆಗೆ ಕಾವು ಕೂತಿತ್ತು. ನನ್ನನ್ನು ನೋಡಿ ಗೂಡು ಬಿಟ್ಟು ಹಾರಿತು. ದೂರ ಸರಿದು ಬಂಡೆಯ ಹಿಂದೆ ಕೂತೆ. ಅದು ವಾಪಸ್ ಬರಲು 40 ನಿಮಿಷ ಹಿಡಿಯಿತು. ಅಷ್ಟು ಹೊತ್ತು ಮೊಟ್ಟೆಗಳು ತಣ್ಣಗಾಗುತ್ತಿದ್ದವು, ನಾನು ಬೆವರುತ್ತಿದ್ದೆ.

ಟ್ಯಾಗಿನಲ್ಲಿ ಅಲುಗಾಟ ಅಳೆಯುವ ಸೆನ್ಸರ್ ಇರುತ್ತದೆ. ಕಾವು ಕೂತ ಹಕ್ಕಿಯೂ ಮೊಟ್ಟೆ ಹೊರಳಿಸುತ್ತದೆ, ಗರಿ ತಿದ್ದಿಕೊಳ್ಳುತ್ತದೆ, ಆ ಅಂಕಿ ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ. ನಾನು ಆ ಕಾಲಂ ನೋಡಿಯೇ ಇರಲಿಲ್ಲ.

ಮರುವರ್ಷ ಒಂದು ಗಂಡಿನ ಚುಕ್ಕಿ ಹಾಗೇ ನಿಂತಿತು. ಈ ಸಲ ನೋಡಿದೆ, ಸೊನ್ನೆ. ಆದರೆ ಹಿಂದಿನ ಸಲದ ನಾಚಿಕೆ ಇತ್ತಲ್ಲ, ಸೆನ್ಸರ್ ಕೆಟ್ಟಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಮೂರನೇ ದಿನ ಹೋದೆ. ಕರೆಂಟ್ ಕಂಬದ ಬುಡದಲ್ಲಿ ಬಿದ್ದಿತ್ತು. ರೆಕ್ಕೆ ತುದಿಯ ಗರಿಗಳು ಸುಟ್ಟು ಮುರುಟಿದ್ದವು, ಒಂದು ಕಾಲು ಕಪ್ಪಾಗಿತ್ತು. ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿದಾಗ ತಂತಿಯನ್ನೂ ಕಂಬದ ಕಬ್ಬಿಣವನ್ನೂ ಒಟ್ಟಿಗೆ ಮುಟ್ಟಿಬಿಡುತ್ತದೆ. ಗುಬ್ಬಿಗಾತ್ರದ ಹಕ್ಕಿಗೆ ಆ ತೊಂದರೆ ಇಲ್ಲ.

ಅವತ್ತು ರಾತ್ರಿಯೇ ಹಳೆಯ ದಾಖಲೆ ತೆಗೆದೆ. ಸಂಜೆಯ ಕೊನೆಯ ಚುಕ್ಕಿ, ಬೆಳಗಿನ ಮೊದಲ ಚುಕ್ಕಿ ಒಂದೇ ಕಡೆ ಇದ್ದರೆ ಹಕ್ಕಿ ರಾತ್ರಿ ಅಲ್ಲೇ ಮಲಗಿದೆ ಅಂತ ಲೆಕ್ಕ. ಹಾಗೆ ನಮ್ಮ ಹದ್ದುಗಳು ಮಲಗುತ್ತಿದ್ದ 11 ಕಂಬ ಸಿಕ್ಕವು. ಒಂದೊಂದಾಗಿ ನಡೆದು ನೋಡಿದೆ. ಬುಡದಲ್ಲಿ ಹದ್ದು ಉಗುಳಿದ ಕೂದಲು, ಮೂಳೆಯ ಉಂಡೆಗಳು. ಎರಡು ಕಂಬಗಳ ಕೆಳಗೆ ಟ್ಯಾಗ್ ಇಲ್ಲದ ಹದ್ದುಗಳ ಎಲುಬು. ಕಂಬದ ನಂಬರ್ ಬರೆದು, ಫೋಟೋ ಅಂಟಿಸಿ ಲೈನ್ ನೋಡಿಕೊಳ್ಳುವವರಿಗೆ ಕೊಟ್ಟೆವು. ಎರಡು ಸಲ ಅರ್ಜಿ ಕಳೆದುಹೋಯಿತು. ಮೂರನೇ ಸಲ ನಕ್ಷೆಯನ್ನೇ ಮೇಜಿನ ಮೇಲೆ ಹರಡಿದೆ. ಈಗ ಆರು ಕಂಬಗಳಲ್ಲಿ ತಂತಿಗೆ ರಬ್ಬರ್ ಹೊದಿಕೆ ಬಂದಿದೆ. ಉಳಿದ ಐದರಲ್ಲಿ ಒಂದರ ಮೇಲೆ ನಿನ್ನೆ ಸಂಜೆ ಆ ಹೆಣ್ಣು ಕೂತಿತ್ತು. ಇವತ್ತು ಬೆಳಗ್ಗೆ ಎದ್ದವನೇ ಅಲುಗಾಟದ ಕಾಲಂ ನೋಡಿದೆ, ಆಮೇಲೆ ಮುಖ ತೊಳೆದೆ.