ಮೇಣದ ಮಡಕೆ ಹಿಡಿದು ಬಿದ್ದವನ ಕಥೆ

ನಾನು ಪಾದ್ರಿಯಲ್ಲ. ಶನಿವಾರ ಸಂಜೆ ಹತ್ತು ಹನ್ನೆರಡು ಜನರಿಗೆ ಬೈಬಲ್ ಪಾಠ ಹೇಳುವವನು, ಅಷ್ಟೇ. ಒಮ್ಮೆ ಅಪೊಸ್ತಲ ಪೌಲ ಬರೆದ ಫಿಲಿಪ್ಪಿಯ ಪತ್ರ 1:10 ಬಂತು. ಅಲ್ಲಿರುವ, ಸಾಮಾನ್ಯವಾಗಿ ‘ನಿಷ್ಕಪಟ’ ಎಂದು ಅರ್ಥ ಹೇಳುವ ‘ಐಲಿಕ್ರಿನೇಸ್’ ಎಂಬ ಗ್ರೀಕ್ ಪದಕ್ಕೆ, ಎಲ್ಲೋ ಕೇಳಿದ ಕಥೆಯನ್ನೇ ಒಪ್ಪಿಸಿದೆ: ಕುಂಬಾರರು ಬಿರುಕಿಗೆ ಮೇಣ ಮೆತ್ತಿ ಮಡಕೆ ಮಾರುತ್ತಿದ್ದರು, ಗಿರಾಕಿ ಅದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ, ಹಾಗಾಗಿ ‘ಬಿಸಿಲಲ್ಲಿ ಪರೀಕ್ಷಿಸಿದ್ದು’ ಎಂದು ಅರ್ಥ. ಎಲ್ಲರೂ ತಲೆದೂಗಿದರು. ಒಬ್ಬ ಹುಡುಗ ಮಾತ್ರ, ‘ಅಣ್ಣಾ, ಈ ಮಡಕೆ ಎಲ್ಲಿಂದ ಬಂತು?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಕೆದಕಿದೆ. ಮೇಣ ಗ್ರೀಕಿನದೇ ಅಲ್ಲ. ಹೆಚ್ಚುಕಡಿಮೆ ಅದೇ ಅರ್ಥದ, ಲ್ಯಾಟಿನ್ನಿನ ‘ಸಿನ್ಸೇರುಸ್’ ಪದವನ್ನು ‘ಸಿನೆ ಸೇರಾ’, ಅಂದರೆ ಮೇಣವಿಲ್ಲದೆ, ಎಂದು ಒಡೆದು ಹೆಣೆದ ಕಟ್ಟುಕಥೆ ಅದು. ಬಿಸಿಲಿನ ಮಾತಿಗೆ ಒಂದಿಷ್ಟು ನೆಲೆಯಿದೆ. ‘ಹೈಲೆ’ ಎಂದರೆ ಬಿಸಿಲಿನ ಕಾವು, ‘ಕ್ರಿನೋ’ ಎಂದರೆ ಬೇರ್ಪಡಿಸು, ತೀರ್ಪು ಕೊಡು. ಆದರೆ ಮೊದಲರ್ಧ ಹೈಲೆಯೇ ಹೌದೋ ಅಲ್ಲವೋ ಎಂಬುದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ.

ಪದ ಒಡೆಯುವುದನ್ನು ಅಲ್ಲಿಗೇ ಬಿಟ್ಟು ಅದರ ನೆರೆಹೊರೆ ವಿಚಾರಿಸತೊಡಗಿದೆ. ಹೊಸ ಒಡಂಬಡಿಕೆಯಲ್ಲಿ ಇದು, ನಾಮಪದವೂ ಸೇರಿ, ಬರುವುದು ಐದೇ ಕಡೆ. ಐದನ್ನೂ ಹಳೇ ಲಗ್ನಪತ್ರಿಕೆಗಳ ಬೆನ್ನಿಗೆ ಬರೆದುಕೊಂಡು ಮೇಜಿನ ಮೇಲೆ ಹರಡಿದೆ. 1 ಕೊರಿಂಥ 5:8ರಲ್ಲಿ ಈ ಪದಕ್ಕೆ ವಿರುದ್ಧವಾಗಿ ನಿಂತಿರುವುದು ಹಳೆಯ ಹುಳಿಹಿಟ್ಟು. 2 ಕೊರಿಂಥ 2:17 ಇನ್ನೂ ಸ್ವಾರಸ್ಯ. ದೇವರ ವಾಕ್ಯವನ್ನು ಅಂಗಡಿ ಸರಕು ಮಾಡಿಕೊಂಡವರ ಹಾಗಲ್ಲ ನಾವು, ‘ಐಲಿಕ್ರಿನೇಯ’ದಿಂದ (ಅದೇ ನಾಮಪದ) ಮಾತಾಡುವವರು, ಅನ್ನುತ್ತಾನೆ ಪೌಲ. ಅಲ್ಲಿನ ಕ್ರಿಯಾಪದದ ಹಿಂದಿರುವ ‘ಕಪೇಲೊಸ್’ ಚಿಲ್ಲರೆ ವ್ಯಾಪಾರಿ, ಅದರಲ್ಲೂ ದ್ರಾಕ್ಷಾರಸದವನು. ಹಳೆ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಯೆಶಾಯ 1:22 ತೆರೆದೆ. ಇದೇ ಕಪೇಲೊಸ್‌ಗಳು ದ್ರಾಕ್ಷಾರಸಕ್ಕೆ ನೀರು ಸುರಿಯುತ್ತಿದ್ದಾರೆ! ಪ್ಲೇಟೋ ಸಹ ಸೌಂದರ್ಯದ ಮಾತಾಡುವಾಗ ಐಲಿಕ್ರಿನೇಸ್ ಜೊತೆಗೆ ‘ಅಮಿಕ್ತೊಸ್’, ಬೆರಕೆಯಾಗದ್ದು, ಎಂಬುದನ್ನು ಇಡುತ್ತಾನೆ.

ಅಂದರೆ ಪ್ರಶ್ನೆ ಕೊಳೆಯದ್ದಲ್ಲ, ಬೆರಕೆಯದ್ದು. ಕೊಳೆ ತೊಳೆದ ಶುದ್ಧಿಗೆ ‘ಕಥರೋಸ್’ ಬೇರೆ ಇದೆ; ಕುಷ್ಠರೋಗಿ ಶುದ್ಧನಾದದ್ದಕ್ಕೂ ‘ನಿರ್ಮಲಚಿತ್ತರು ಧನ್ಯರು’ ಎಂಬಲ್ಲಿಗೂ ಅದರದೇ ಬಳಗ. 1 ಪೇತ್ರ 2:2ರ ಹಾಲಿಗೆ ‘ಅದೊಲೊಸ್’, ಮೋಸವಿಲ್ಲದ್ದು. ಈಜಿಪ್ಟಿನ ಹಳೆಯ ಪಪೈರಸ್ ಹಾಳೆಗಳ ಕರಾರುಗಳಲ್ಲಿ ಅಳೆದುಕೊಡುವ ಗೋಧಿಗೂ ಈ ಅದೊಲೊಸ್ ಎಂಬುದೇ ಮಾತು.

ಕನ್ನಡದಲ್ಲಿ ಏನನ್ನಲಿ? ‘ಶುದ್ಧ’ ಅಂದರೆ ನಮ್ಮ ಜನಕ್ಕೆ ಮಡಿ ಮೈಲಿಗೆ ನೆನಪಾಗುತ್ತದೆ. ‘ಪ್ರಾಮಾಣಿಕ’ ಅಂದರೆ ಆಫೀಸಿನ ವಾಸನೆ. ಎರಡು ದಿನ ಒದ್ದಾಡಿದ ಮೇಲೆ ಸಿಕ್ಕಿದ್ದು ‘ಅಪ್ಪಟ’. ತುಪ್ಪವೂ ಅಪ್ಪಟ, ಚಿನ್ನವೂ ಅಪ್ಪಟ, ಮನುಷ್ಯನೂ ಅಪ್ಪಟ. ಸರಕಿನಿಂದ ಮನಸ್ಸಿಗೆ ಆ ಗ್ರೀಕ್ ಪದ ನಡೆದ ದಾರಿಯಲ್ಲೇ ಇದೂ ನಡೆದಿದೆ.

ಮುಂದಿನ ಶನಿವಾರ ಮಡಕೆಯ ಕಥೆ ವಾಪಸ್ ತೆಗೆದುಕೊಂಡೆ. ಅದೇ ಹುಡುಗ ಫಿಲಿಪ್ಪಿ 1:17 ತೋರಿಸಿದ. ಕೆಲವರು ಒಳ್ಳೆಯ ಮನಸ್ಸಿಲ್ಲದೆ ಕ್ರಿಸ್ತನನ್ನು ಸಾರುತ್ತಾರೆ ಎನ್ನುವ ಆ ಮಾತಿನಲ್ಲಿ ಪೌಲ ಬಳಸಿದ್ದು ಐಲಿಕ್ರಿನೇಸ್ ಅಲ್ಲ, ‘ಹಗ್ನೋಸ್’. ಸಾಮಾನ್ಯವಾಗಿ ಪಾವಿತ್ರ್ಯಕ್ಕೆ, ಪಾತಿವ್ರತ್ಯಕ್ಕೆ ಬರುವ ಪದ. ಈಗ ಆರನೇ ಲಗ್ನಪತ್ರಿಕೆ ಹುಡುಕುತ್ತಿದ್ದೇನೆ.