ಬಾಕಿ ವಸೂಲಿಗೆ ಹಾವಭಾವ ಓದಿದ್ದು: ಕೋಲಾರದ ಮಂಡಿಯಲ್ಲಿ ನನ್ನ ಅನುಭವ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಂಡಿ ನಡೆಸುವವರಿಗೆ ಹರಾಜು ಕೂಗುವುದು ಕಷ್ಟವಲ್ಲ, ಮಾಲು ಎತ್ತಿದ ವ್ಯಾಪಾರಿಯಿಂದ ಹಣ ಬಿಡಿಸುವುದೇ ಕಷ್ಟ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ, ರೈತರಿಗೆ ಕೈಯಿಂದ ಕೊಟ್ಟು ನನಗೆ ಬರಬೇಕಾಗಿದ್ದ ಬಾಕಿ ಹದಿನೆಂಟು ಲಕ್ಷದ ಆಸುಪಾಸಿಗೆ ಏರಿತ್ತು. ವ್ಯಾಪಾರಿಗಳ ಹಾವಭಾವ ಗಮನಿಸಿ ಬಾಕಿ ಕೇಳುವ ಪದ್ಧತಿಯನ್ನು ಹಿಡಿದದ್ದು ಆಗಲೇ. "ಏನಣ್ಣಾ, ವಸೂಲಿ ಬಿಟ್ಟು ಮುಖ ನೋಡಿ ಭವಿಷ್ಯ ಹೇಳೋಕೆ ಕೂತ್ರಾ?" ಎಂದು ಪಕ್ಕದ ಮಂಡಿಯವರು ನಕ್ಕಿದ್ದರು. ಈಗ ಅವರೇ ತಮ್ಮ ಮೊಂಡು ಬಾಕಿದಾರರನ್ನು ಟೀ ನೆಪದಲ್ಲಿ ನನ್ನ ಅಂಗಡಿಗೆ ಕರೆತರುತ್ತಾರೆ.

ಸುಳ್ಳು-ನಿಜದ ಗುರುತೆಂದು ಎಲ್ಲರೂ ಹೇಳುವ ಲಕ್ಷಣಗಳು ಮಾತ್ರ ಒಂದಕ್ಕೂ ಒದಗಲಿಲ್ಲ. ಕಣ್ಣಿಗೆ ಕಣ್ಣಿಟ್ಟು ಮಾತು ಕೊಟ್ಟ ವ್ಯಾಪಾರಿಯೊಬ್ಬ ಲಕ್ಷದ ಹತ್ತಿರ ಮುಳುಗಿಸಿ ಹೋದ. ತಲೆ ತಗ್ಗಿಸಿಯೇ ಮಾತನಾಡುತ್ತಿದ್ದ ಹುಡುಗ ಪೈಸೆ ಬಿಡದೆ ತೀರಿಸಿದ, ಹಿರಿಯರೆದುರು ತಲೆ ತಗ್ಗಿಸುವುದು ನಮ್ಮ ಕಡೆ ಮರ್ಯಾದೆಯಷ್ಟೆ. ಡಿಸೆಂಬರ್ ಬೆಳಗಿನ ಯಾರ್ಡಿನಲ್ಲಿ ಕೈ ಕಟ್ಟಿ ನಿಂತವನಿಗೆ ಚಳಿಯಲ್ಲದೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಸುಳ್ಳು ಹಿಡಿಯುವುದರಲ್ಲಿ ಜನರ ಅಂದಾಜು ಸರಾಸರಿ ನೂರಕ್ಕೆ 54ರಷ್ಟು ಮಾತ್ರ ಸರಿಯಿರುತ್ತದೆಂದು ಮನಶ್ಶಾಸ್ತ್ರ ಸಂಶೋಧಕರಾದ ಬಾಂಡ್ ಮತ್ತು ಡಿಪಾಲೊ 2006ರಲ್ಲಿ ಲೆಕ್ಕ ಹಾಕಿದ್ದಾರೆ; ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು.

ಹಾಗಾಗಿ ಸುಳ್ಳು ಹುಡುಕುವುದನ್ನು ಬಿಟ್ಟು ಬದಲಾವಣೆಯನ್ನು ಮಾತ್ರ ನೋಡತೊಡಗಿದೆ. ಮೊದಲ ಹತ್ತು ನಿಮಿಷ ಮಳೆ, ಬೋರ್‌ವೆಲ್, ಲಾರಿ ಬಾಡಿಗೆ ಎಂದು ಮಾತನಾಡಿಸಿ, ಆ ಮನುಷ್ಯನ ಮಾಮೂಲು ರೀತಿಯನ್ನು ಕಣ್ಣಿಗೆ ಕೂರಿಸಿಕೊಂಡ ಮೇಲೆಯೇ ಹಣದ ಮಾತೆತ್ತುತ್ತೇನೆ. ಚೆನ್ನೈ ಕಡೆಗೆ ಮಾಲು ಕಳುಹಿಸುವ ಒಬ್ಬರು ಎರಡೂ ಕೈ ಆಡಿಸುತ್ತ ಲಾರಿ ಕಥೆ ಹೇಳುತ್ತಿದ್ದವರು, "ಯಾವತ್ತು ಕೊಡ್ತೀರಿ ಸ್ವಾಮಿ?" ಎಂದದ್ದೇ ತಡ, ಅಂಗೈಗಳನ್ನು ತೊಡೆಯ ಕೆಳಗೆ ಸರಿಸಿಕೊಂಡರು, ಎಡಗಾಲು ಬಾಗಿಲ ಕಡೆಗೆ ತಿರುಗಿತು. ಮೋಸವೆಂದು ಕೂಗಾಡಿದ್ದರೆ ಜಗಳವಾಗುತ್ತಿತ್ತು. "ಯಾವ ಲೋಡಿನ ದುಡ್ಡು ಸಿಕ್ಕಿಹಾಕಿಕೊಂಡಿದೆ?" ಎಂದಷ್ಟೇ ಕೇಳಿ ಸುಮ್ಮನಾದೆ. ಅವರಿಗೂ ಆಚೆಯವರು ಕೊಟ್ಟಿರಲಿಲ್ಲ. ಮೂರೂವರೆ ಲಕ್ಷವೋ ಏನೋ, ಕಂತುಕಂತಾಗಿ ಪೂರ್ತಿ ಬಂತು. ಆ ವರ್ಷದ ಬಾಕಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಹೀಗೆಯೇ ಎತ್ತಿದ್ದೇನೆ. ನಮ್ಮ ಸಾಲಿನಲ್ಲಿ ಇನ್ನಾರೂ ಅಷ್ಟು ಎತ್ತಿದಂತಿಲ್ಲ.

ನಡುವೆ ಎದುರಿನವರ ಭಂಗಿಯನ್ನೇ ಅನುಕರಿಸಿ ಕುಳಿತು ನೋಡಿದೆ. ಒಬ್ಬರು ಅಣಕಿಸುತ್ತಿದ್ದೇನೆಂದು ಎದ್ದೇ ಹೋದರು. ಮೇಜಿನ ಎದುರುಬದುರು ಬಿಟ್ಟು ಖಾಲಿ ಕ್ರೇಟುಗಳ ಮೇಲೆ ಅಕ್ಕಪಕ್ಕ ಕೂರಿಸಿದ್ದು ಮಾತ್ರ ಫಲ ಕೊಟ್ಟಿತು, ದನಿ ಏರುವುದು ನಿಂತಿತು. ಲೆಕ್ಕದ ಪುಸ್ತಕವನ್ನು ಯಾವ ಗಳಿಗೆಯಲ್ಲಿ ಮುಚ್ಚಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ.

ವಿಡಿಯೊ ಕರೆಯಲ್ಲಿ ಈ ಪದ್ಧತಿ ನಡೆಯುವುದಿಲ್ಲ, ಕೈಕಾಲು ಕಾಣುವುದಿಲ್ಲ. ಲಕ್ಷ ಮೀರಿದ ಬಾಕಿಯಾದರೆ ಯಾರ್ಡಿಗೇ ಬನ್ನಿ ಎನ್ನುತ್ತೇನೆ, ಬಸ್ ಚಾರ್ಜು ನಾನೇ ಕೊಡುತ್ತೇನೆ.