ಎರಡೂವರೆ ಎಕರೆಗೆ ಎಷ್ಟು ದೊಡ್ಡ ಹೊಂಡ ಬೇಕು? ನನ್ನ ಅನುಭವ

"ಇರೋದೇ ಎರಡೂವರೆ ಎಕರೆ, ಅದರಲ್ಲೂ ಹೊಂಡ ತೋಡಿದ್ರೆ ಬಿತ್ತೋದೆಲ್ಲಿ?" ಅಂತ ಊರಲ್ಲಿ ಕೇಳದವರಿಲ್ಲ. ನಮ್ಮದು ಶಿರಾ ಕಡೆ. ಕೆಂಪು ನೆಲ, ಪೂರ್ತಿ ಮಳೆ ನಂಬಿದ ಬೇಸಾಯ. ಮಳೆ ನೀರು ಹಿಡಿದಿಡುವ ಆ ಹೊಂಡ ಇಟ್ಟುಕೊಂಡೇ 2023ರ ಬರ ದಾಟಿದ್ದೇನೆ, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅವರ ಮಾತಲ್ಲಿ ಅರ್ಧ ನಿಜ ಇತ್ತು. ಹೊಂಡಕ್ಕೆ ಸಹಾಯಧನ ಕೊಡುವ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೇಳುವ 21 ಮೀಟರ್ ಹೊಂಡ ತೋಡಿಸಿದರೆ ಏರಿ, ಬೇಲಿ ಎಲ್ಲಾ ಸೇರಿ ಆರು ಗುಂಟೆ ಹೋಗುತ್ತದೆ. ಇಪ್ಪತ್ತು ಎಕರೆಯವರಿಗೆ ಅದು ಲೆಕ್ಕಕ್ಕೇ ಇಲ್ಲ. ನನಗೆ ಅದು ಮನೆಯ ಎರಡು ತಿಂಗಳ ರಾಗಿ. ಹಾಗಾಗಿ 10 ಮೀಟರ್ ಉದ್ದ, 10 ಅಗಲ, 3 ಆಳದ್ದು ಸಾಕು ಅಂದೆ. ಎರಡು ಗುಂಟೆ ಹೋಯಿತು. ಬದಿಗಳ ಇಳಿಜಾರು ಕಳೆದು ಒಂದೂವರೆ ಲಕ್ಷ ಲೀಟರ್ ನಿಲ್ಲುತ್ತದೆ.

ಇಷ್ಟು ನೀರು ಯಾವ ಮೂಲೆಗೆ ಅಂದರು. ಎಕರೆ ಪೂರ್ತಿ ಒಂದಿಂಚು ನಿಲ್ಲಿಸಲು ಲಕ್ಷ ಲೀಟರ್ ಬೇಕು, ಅದು ಸರಿ. ನಾನು ಹಿಡಿದದ್ದು ಗುಳಿ ಲೆಕ್ಕ. ಹಾವೇರಿ ಕಡೆ ಗುಳಿ ರಾಗಿ ಅಂತ ಒಂದು ಪದ್ಧತಿ ಇದೆ, ಬಿತ್ತುವ ಬದಲು ಅಂತರ ಬಿಟ್ಟು ಗುಳಿ ತೋಡಿ ರಾಗಿ ಸಸಿ ನೆಡೋದು. ಒಂದೂವರೆ ಅಡಿಗೊಂದು ಗುಳಿ ಅಂದರೆ ಎಕರೆಗೆ 19-20 ಸಾವಿರ. ಗುಳಿಗೆ ಒಂದು ಲೀಟರ್ ಕೊಟ್ಟರೂ 20 ಸಾವಿರ ಲೀಟರಿಗೆ ಎಕರೆ ಮುಗಿಯಿತು, ಅಲ್ವಾ?

ದುಡ್ಡಿನ ಕಥೆ ಬೇರೆ. ಜೆಸಿಬಿಗೆ ಹತ್ತು ಸಾವಿರ, ನೀರು ಇಂಗದಂತೆ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಗೆ ಹದಿನೈದರ ಹತ್ತಿರ, ಬೇಲಿ ಸೇರಿ ಮೂವತ್ತು ದಾಟಿತು. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿತ್ತು, ಪೌತಿ ಖಾತೆ, ಅಂದರೆ ವಾರಸುದಾರನಾದ ನನ್ನ ಹೆಸರಿಗೆ ಬದಲಾವಣೆ, ಆಗಿರಲಿಲ್ಲ, ಹಾಗಾಗಿ ಸಹಾಯಧನ ಸಿಗಲಿಲ್ಲ. ಕುರಿ ಮಾರಿ ಕಟ್ಟಿದೆ. ಸಣ್ಣ ರೈತರು ಹೊಸದಕ್ಕೆ ಕೈ ಹಾಕಲ್ಲ ಅನ್ನುವವರು ಪಹಣಿಯಲ್ಲಿ ಯಾರ ಹೆಸರಿದೆ ಅಂತ ಮೊದಲು ನೋಡಬೇಕು. ಮೊದಲ ಬೇಸಿಗೆಯಲ್ಲೇ ಮೇಕೆಗಳು ಇಳಿದು ಗೊರಸಿಂದ ಹಾಳೆ ಹರಿದವು. ವಾರದೊಳಗೆ ಹೊಂಡ ಖಾಲಿ. ತೇಪೆಗೆ ಮತ್ತೆ ಎರಡು ಸಾವಿರ.

2023ರಲ್ಲಿ ಎಂಎಲ್-365 ಅನ್ನುವ ರಾಗಿ ತಳಿಯ ಸಸಿಯನ್ನು ಅರ್ಧ ಎಕರೆಗೆ ಮಾತ್ರ ಗುಳಿಯಲ್ಲಿ ನಾಟಿ ಮಾಡಿದೆ, ಉಳಿದದ್ದು ಮಾಮೂಲಿ ಬಿತ್ತನೆ. ಆಮೇಲೆ ಆಗಸ್ಟ್ ಬಂತು. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಬಾಡಿಗೆ ಪಂಪು ತಂದು, ಸಂಜೆ ಹೊತ್ತು ನಾನು ಪೈಪು ಎಳೆದರೆ ಮನೆಯವಳು ತುದಿ ಹಿಡಿದು ಒಂದೊಂದು ಗುಳಿಗೂ ಮೂರು ಎಣಿಸುವಷ್ಟು ಹೊತ್ತು ಬಿಡೋಳು, ಮಣ್ಣು ಕಪ್ಪಗಾದ ತಕ್ಷಣ ಮುಂದಿನದಕ್ಕೆ. ಹೀಗೆ ಮೂರ್ನಾಲ್ಕು ಸಲ. ಸುಳಿ ಒಣಗಲಿಲ್ಲ. ಆ ಅರ್ಧ ಎಕರೆಯಲ್ಲಿ ಆರು ಕ್ವಿಂಟಾಲ್ ರಾಗಿ ಬಂತು. ಬಿತ್ತಿದ ಕಡೆ ಬರೀ ಹುಲ್ಲು.

ಪಕ್ಕದ ಹದಿನೆಂಟು ಎಕರೆಯವರು ಒಣಗಿದ ಪೈರಿಗೆ ದನ ಬಿಟ್ಟರು. ಅವರೇನು ದಡ್ಡರಲ್ಲ. ಎಕರೆ ನಾಟಿಗೆ ಹದಿನೈದಿಪ್ಪತ್ತು ಆಳು, ಆಗ ನಾನೂರರಂತೆ ಆರರಿಂದ ಎಂಟು ಸಾವಿರ. ಹದಿನೆಂಟು ಎಕರೆಗೆ ಊರೆಲ್ಲಾ ಹುಡುಕಿದರೂ ಅಷ್ಟು ಜನ ಸಿಗಲ್ಲ. ಅವರಿಗೆ ದೊಡ್ಡ ಹೊಂಡ, ಡ್ರಿಪ್, ತೊಗರಿ ಸರಿ. ನಮ್ಮಂಥವರಿಗೆ ಮನೆ ಮಂದಿಯ ಕೈಯಲ್ಲಿ ಆಗುವ ಕೆಲಸ ಸರಿ.

ಮಧ್ಯೆ ಹೊಂಡಕ್ಕೆ ಕಾಟ್ಲಾ ಮರಿ ಬಿಟ್ಟು ನೋಡಿದೆ. ಸಂಕ್ರಾಂತಿಗೆ ನೀರು ಇಳಿದು ಹೋಯಿತು, ಬೆರಳುದ್ದ ಮೀನು. ಏರಿ ಮೇಲಿನ ನುಗ್ಗೆ ಮಾತ್ರ ಚೆನ್ನಾಗಿ ಕಾಯಿ ಬಿಡುತ್ತಿದೆ, ಸಂತೆ ಖರ್ಚು ಕಳೆಯುತ್ತದೆ. ಎಂಟು ಸಾಲು ರಾಗಿಗೊಂದು ಸಾಲು ತೊಗರಿ ಹಾಕುವ ಅಕ್ಕಡಿಯನ್ನೂ ಬಿಟ್ಟಿಲ್ಲ.

ಎಳೆ ಪೈರಿನ ಮೇಲೆ ಕೊರಡು (ಮರದ ದಿಮ್ಮಿ) ಎಳೆಯುವ ದಿನ ನೆಲದ ಹದ ನೋಡಿ, ತೆಂಡೆ (ಬುಡದ ಕವಲು) ತಾನೇ ಒಡೆಯುತ್ತದೆ. ನಾಟಿಗೆ ಮುಂಚೆ ಸಸಿ ಅದ್ದುವ ನೀರಿಗೆ ನಾನೊಂದು ಬೆರೆಸುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ.

ಈ ಸಲ ಗುಳಿ ರಾಗಿ ಒಂದು ಎಕರೆಗೆ ಏರಿಸಿದ್ದೇನೆ. ಅದಕ್ಕಿಂತ ಜಾಸ್ತಿ ಮಾಡಿದರೆ ನಾಟಿಗೆ ಕೂಲಿಯವರನ್ನು ಹುಡುಕಬೇಕು, ಅಲ್ಲಿಗೆ ನನ್ನ ಲೆಕ್ಕ ತಪ್ಪುತ್ತದೆ. ಹೊಸದಾಗಿ ಮಾಡುವವರು ಹತ್ತು ಗುಂಟೆಯಿಂದ ಶುರು ಮಾಡಿ. ಐದು ಸಾವಿರ ಗುಳಿ ಆಗುತ್ತದೆ.